ಕಾಣದ ದನಿ, ಕೇಳುವ ಕಿವಿ: ಮೈಸೂರು ಸೀಮೆಯ ಕಾಡುದನಿಗಳ ಚರಿತ್ರೆ ಮತ್ತು ಜಾನಪದ

ಮೈಸೂರು ನಗರದ ಇಟ್ಟಿಗೆಗೂಡು, ನಜರ್‌ಬಾದ್ ಭಾಗದ ನಿವಾಸಿಗಳಿಗೆ ರಾತ್ರಿಯ ಸಿಂಹಗರ್ಜನೆ ಅಪರಿಚಿತವಲ್ಲ. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ೧೮೯೨ರಲ್ಲಿ ಸ್ಥಾಪನೆಗೊಂಡ ಮೃಗಾಲಯ ಈ ಬಡಾವಣೆಗಳ ಮಗ್ಗುಲಲ್ಲೇ ಇದೆ. ಆ ಗರ್ಜನೆ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಅದು ಯಾವ ಪ್ರಾಣಿಯದು, ಎಲ್ಲಿಂದ ಬರುತ್ತಿದೆ, ನಡುವೆ ಎಂಥ ತಡೆಯಿದೆ ಎಂಬುದು ಕೇಳುವವರಿಗೆ ಮೊದಲೇ ತಿಳಿದಿದೆ. ಆದರೆ ಅದೇ ನಗರದ ವ್ಯಕ್ತಿಯೊಬ್ಬ ಬಿಳಿಗಿರಿರಂಗನ ಬೆಟ್ಟದ ಕಾಲುದಾರಿಯಲ್ಲೋ ಸುಮಾರು ೮೦ ಕಿಲೋಮೀಟರು ದೂರದ ಬಂಡೀಪುರದ ಅಂಚಿನಲ್ಲೋ ಚಾರಣಕ್ಕೆ ಹೋದಾಗ, ಪೊದೆಯ ಹಿಂದಿನಿಂದ ಬಂದ ಒಂದು ಸಣ್ಣ ಶಿಳ್ಳೆ ಅವನನ್ನು ನಿಂತಲ್ಲೇ ನಿಲ್ಲಿಸಬಲ್ಲದು. ಸಿಂಹದ ಗರ್ಜನೆಗಿಂತ ಆ ಶಿಳ್ಳೆ ನೂರು ಪಾಲು ಚಿಕ್ಕದು. ಹಾಗಾದರೆ ಭಯ ಹುಟ್ಟುವುದು ದನಿಯ ಗಾತ್ರದಿಂದಲ್ಲ, ದನಿಗೂ ಅದರ ಮೂಲಕ್ಕೂ ನಡುವಿನ ಸಂಬಂಧ ಕೇಳುಗನಿಗೆ ತಪ್ಪಿಹೋಗಿರುವುದರಿಂದ ಎಂದಾಗುತ್ತದೆ.

ಕಾಡಿನ ನಿಗೂಢ ದನಿಗಳನ್ನು ಕುರಿತ ನಂಬಿಕೆ, ಕಥನ ಮತ್ತು ಬರಹಗಳನ್ನು ಜಾನಪದ ಅಧ್ಯಯನವು ಸಾಮಾನ್ಯವಾಗಿ ಶಕುನ ಅಥವಾ ಮೂಢನಂಬಿಕೆ ಎಂಬ ತಲೆಬರಹದ ಕೆಳಗೆ ಇರಿಸಿಬಿಡುತ್ತದೆ. ಈ ವಿಂಗಡಣೆ ಪೂರ್ಣ ಸರಿಯಲ್ಲ. ಮೈಸೂರು ಸೀಮೆಯ ಕಾಡುಗಳಲ್ಲಿ ದನಿಯನ್ನು ಗುರುತಿಸಬಲ್ಲವರು ಯಾರು, ಅವರ ತಿಳಿವಳಿಕೆಯನ್ನು ಯಾರು ಬಳಸಿಕೊಂಡರು, ಯಾವ ಸನ್ನಿವೇಶದಲ್ಲಿ ಪರಿಚಿತ ದನಿ ನಿಗೂಢವಾಯಿತು ಎಂಬ ಪ್ರಶ್ನೆಗಳನ್ನು ಚಾರಿತ್ರಿಕ ಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನುಡಿಯಲ್ಲಿ ನೆಲೆಸಿದ ದನಿ

ಪ್ರಾಣಿಗಳ ದನಿಯನ್ನು ಕನ್ನಡ ಭಾಷೆ ಒಂದೇ ಮಾತಿನಲ್ಲಿ ಹೇಳುವುದಿಲ್ಲ. ಆನೆ ಘೀಳಿಡುತ್ತದೆ, ಹುಲಿ ಅಬ್ಬರಿಸುತ್ತದೆ, ನರಿ ಊಳಿಡುತ್ತದೆ, ಕುದುರೆ ಕೆನೆಯುತ್ತದೆ, ಗೂಳಿ ಗುಟುರು ಹಾಕುತ್ತದೆ, ಹಂದಿ ಗುರುಗುಟ್ಟುತ್ತದೆ, ಹಾವು ಭುಸುಗುಟ್ಟುತ್ತದೆ, ಕಪ್ಪೆ ವಟಗುಟ್ಟುತ್ತದೆ, ಹಲ್ಲಿ ಲೊಚಗುಟ್ಟುತ್ತದೆ, ನವಿಲು ಕೇಕೆ ಹಾಕುತ್ತದೆ. ಒಂದರ ಕ್ರಿಯಾಪದವನ್ನು ಇನ್ನೊಂದಕ್ಕೆ ಹಚ್ಚಿದರೆ ಹಳ್ಳಿಯ ಮಕ್ಕಳೂ ನಗುತ್ತಾರೆ. ಹಳಗನ್ನಡದಲ್ಲಿ ನರಿಗೆ 'ಬಳ್ಳು' ಎಂಬ ಹೆಸರೂ ಇತ್ತು. ದನಿಯನ್ನು ಅನುಕರಿಸಿ ಹುಟ್ಟಿದ ಮಾತುಗಳನ್ನು ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಗಮನಿಸಿದ್ದಾನೆ. ಅನುಕರಣ ಶಬ್ದಗಳ ಈ ಸಮೃದ್ಧಿಯನ್ನು ಕೇವಲ ಭಾಷೆಯ ಅಲಂಕಾರವೆಂದು ಭಾವಿಸಬಾರದು. ಕತ್ತಲಲ್ಲಿ ಕಾಣದ ಪ್ರಾಣಿಯನ್ನು ಕಿವಿಯಿಂದ ಗುರುತಿಸಬೇಕಾದ ಜನ ತಮ್ಮ ಅನುಭವವನ್ನು ಕ್ರಿಯಾಪದಗಳಲ್ಲಿ ಕೂಡಿಟ್ಟುಕೊಂಡಿರುವುದು ಇಲ್ಲಿ ಕಾಣುತ್ತದೆ.

ಕಾಡಿನ ಎಲ್ಲ ದನಿಯೂ ಪ್ರಾಣಿಯದಲ್ಲ ಎಂಬ ಎಚ್ಚರವೂ ಪ್ರಾಚೀನವಾದುದೇ. ಗಾಳಿಗೆ ಸಿಕ್ಕಿ ಸದ್ದು ಮಾಡುವ ಬಿದಿರಿಗೆ 'ಕೀಚಕ' ಎಂಬ ಪ್ರತ್ಯೇಕ ಹೆಸರನ್ನು ಅಮರಕೋಶ ಕೊಡುತ್ತದೆ. ಕಾಕನಕೋಟೆ, ನಾಗರಹೊಳೆ ಭಾಗದ ಬಿದಿರುಮೆಳೆಗಳಲ್ಲಿ ಒಂದಕ್ಕೊಂದು ಉಜ್ಜುವ ಗಳುಗಳು ನರಳಿದಂತೆಯೂ ಕೂಗಿದಂತೆಯೂ ಸದ್ದು ಮಾಡುವುದನ್ನು ಬಲ್ಲವರಿಗೆ ಈ ಪ್ರತ್ಯೇಕ ಹೆಸರಿನ ಅಗತ್ಯ ಅರ್ಥವಾಗುತ್ತದೆ. ಮರದ ದನಿಯನ್ನು ಮೃಗದ ದನಿಯಿಂದ ಬೇರ್ಪಡಿಸುವುದೇ ಕಾಡಿನಲ್ಲಿ ಕೇಳುವ ವಿದ್ಯೆಯ ಮೊದಲ ಪಾಠ.

ಶಾಸ್ತ್ರದ ಕಿವಿ, ಜನಪದರ ಕಿವಿ

ಪ್ರಾಣಿಪಕ್ಷಿಗಳ ಕೂಗಿಗೆ ಅರ್ಥ ಹೇಳುವ ಕ್ರಮ ಭಾರತದ ಶಾಸ್ತ್ರಗ್ರಂಥಗಳಲ್ಲಿ ವ್ಯವಸ್ಥಿತವಾಗಿದೆ. ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಶಕುನಗಳಿಗೂ ನರಿಯ ಕೂಗಿಗೂ ಕಾಗೆಯ ಕೂಗಿಗೂ ಬೇರೆಬೇರೆ ಅಧ್ಯಾಯಗಳು ಮೀಸಲಾಗಿವೆ. ಕೂಗು ಯಾವ ದಿಕ್ಕಿನಿಂದ ಬಂತು, ಯಾವ ಜಾವದಲ್ಲಿ ಕೇಳಿತು, ಎಷ್ಟು ಸಲ ಕೇಳಿತು ಎಂಬುದರ ಮೇಲೆ ಫಲ ನಿರ್ಧಾರವಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಶಾಸ್ತ್ರವು ಕೂಗಿದ ಪ್ರಾಣಿಯ ಬಗೆಗೆ ಹೇಳುವುದಕ್ಕಿಂತ ಹೆಚ್ಚಾಗಿ ಕೇಳಿದ ಮನುಷ್ಯನ ಭವಿಷ್ಯದ ಬಗೆಗೆ ಹೇಳುತ್ತದೆ. ನರಿ ಏಕೆ ಕೂಗಿತು ಎಂಬುದು ಅದರ ಪ್ರಶ್ನೆಯಲ್ಲ, ನರಿ ಕೂಗಿದ್ದರಿಂದ ಪಯಣಿಗನಿಗೆ ಏನಾಗುತ್ತದೆ ಎಂಬುದು ಅದರ ಪ್ರಶ್ನೆ.

ಜನಪದ ಪರಂಪರೆಯಲ್ಲಿ ಈ ಪ್ರವೃತ್ತಿಯ ಪ್ರಸಿದ್ಧ ರೂಪ ಹಾಲಕ್ಕಿ ಶಕುನ. ಬುಡುಬುಡಿಕೆಯವರು ನಸುಕಿಗೆ ಮುಂಚೆ ಊರ ಹೊರಗೆ ಹೋಗಿ ಹಾಲಕ್ಕಿಯ ನುಡಿಯನ್ನು ಆಲಿಸಿ, ಬೆಳಕು ಹರಿಯುವ ಮೊದಲೇ ಮನೆಗಳ ಮುಂದೆ ನಿಂತು ಬುಡುಬುಡಿಕೆ ನುಡಿಸುತ್ತ ಅದನ್ನು ಸಾರುತ್ತಾರೆ ಎಂಬುದು ನಂಬಿಕೆ. ಹಾಲಕ್ಕಿಯನ್ನು ಚುಕ್ಕೆಗಳುಳ್ಳ ಸಣ್ಣ ಗೂಬೆಯೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಹಕ್ಕಿಯ ಕಚಪಚ ದನಿಯನ್ನು ಸಾಮಾನ್ಯರು ಕೇಳುತ್ತಾರೆ. ಆದರೆ ಅದನ್ನು 'ನುಡಿ'ಯೆಂದು ತಿಳಿಯಬಲ್ಲವನು ಬುಡುಬುಡಿಕೆಯವನು ಮಾತ್ರ. ದನಿಯ ನಿಗೂಢತೆಯೇ ಇಲ್ಲಿ ಒಂದು ಸಮುದಾಯದ ವೃತ್ತಿಗೆ ಆಧಾರವಾಗಿದೆ.

ಮಕ್ಕಳನ್ನು ಹೆದರಿಸುವ 'ಗುಮ್ಮ'ನ ಹೆಸರಿನಲ್ಲೂ ಗೂಬೆಯ ಗುಂಯ್‌ಗುಡುವ ದನಿಯ ಅನುರಣನವಿದೆ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಗುಮ್ಮನಿಗೆ ರೂಪವಿಲ್ಲ, ಅವನನ್ನು ಯಾರೂ ನೋಡಿಲ್ಲ. ಹೆಸರಷ್ಟೇ ಅವನ ಒಡಲು. ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರು ಸಲ ಕರೆಯುವ ತನಕ ಓಗೊಡಬಾರದು ಎಂಬ ನಂಬಿಕೆ ಹಳೆಯ ಮೈಸೂರು ಸೀಮೆಯಲ್ಲಿ ವ್ಯಾಪಕವಾಗಿದೆ. ೧೯೯೦ರ ದಶಕದಲ್ಲಿ ಕರ್ನಾಟಕದ ಹಲವೆಡೆ ಮನೆಯ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಇದೇ ನಂಬಿಕೆಯ ನಗರ ರೂಪ. ಪರಿಚಿತರ ದನಿಯನ್ನು ಅನುಕರಿಸಿ ಕರೆಯುವ ಅಗೋಚರ ಶಕ್ತಿಯ ಕಲ್ಪನೆ ಕಾಡಂಚಿನ ಹಳ್ಳಿಯಿಂದ ವಿದ್ಯುದ್ದೀಪದ ಬೀದಿಯವರೆಗೂ ಬಂದಿತ್ತು. ಕಾಣದ ದನಿಯನ್ನು ಒಮ್ಮೆಗೇ ನಂಬಬಾರದು, ಅದು ಮತ್ತೆ ಕೇಳುವವರೆಗೆ ಕಾಯಬೇಕು ಎಂಬ ವಿವೇಕವೂ ಈ ನಂಬಿಕೆಯ ಒಡಲಲ್ಲಿದೆ ಎಂಬುದನ್ನು ಮರೆಯಲಾಗದು.

ಅಟ್ಟಣೆಯ ಕಾವಲು

ಶಕುನ ಕೇಳುವ ಕಿವಿಗೂ ಬದುಕು ಕಾಯುವ ಕಿವಿಗೂ ಅಂತರವಿದೆ. ಈ ಎರಡನೆಯದರ ಬಗೆಗೆ ಮಹತ್ವದ ಹಳೆಯ ಬರಹವೊಂದು ಫ್ರಾನ್ಸಿಸ್ ಬುಕಾನನ್‌ನದು. ಟಿಪ್ಪು ಸುಲ್ತಾನನ ಪತನದ ನಂತರ, ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಅವನ ಪ್ರವಾಸ ಕಥನ ೧೮೦೭ರಲ್ಲಿ ಪ್ರಕಟವಾಯಿತು. ರೈತರ ಹೊಲಗಳನ್ನು ಆನೆ ಮತ್ತು ಹಂದಿಗಳಿಂದ ರಾತ್ರಿ ಕಾಯಲು ಕಾಡುಕುರುಬರನ್ನು ನೇಮಿಸಿಕೊಳ್ಳುತ್ತಿದ್ದುದನ್ನು ಅವನು ದಾಖಲಿಸುತ್ತಾನೆ. ಉರಿಯುವ ಬಿದಿರಿನ ಪಂಜು ಹಿಡಿದು ಅವರು ಆನೆಯತ್ತಲೇ ಓಡುತ್ತಿದ್ದರು. ಆನೆ ತಿರುಗಿ ನಿಂತರೂ ಹಿಂಜರಿಯದೆ ಮುನ್ನುಗ್ಗಿ ಪಂಜಿನಿಂದ ಅದರ ತಲೆಗೆ ಬಡಿಯುತ್ತಿದ್ದರು, ಆಗ ಆನೆ ಓಡಿಹೋಗುತ್ತಿತ್ತು ಎಂಬುದು ಅವನ ವರದಿಯ ಸಾರ.

ಬುಕಾನನ್‌ನ ಕಣ್ಣಿಗೆ ಬಿದ್ದದ್ದು ಅವರ ಧೈರ್ಯ. ಆದರೆ ಪಂಜು ಹಿಡಿದು ಓಡುವ ಮೊದಲು ಕತ್ತಲಲ್ಲಿ ಕುಳಿತು ಕೇಳುವ ಕೆಲಸವೊಂದು ನಡೆದಿರಲೇಬೇಕು. ಬಿದಿರು ಮುರಿದ ಸದ್ದು ಆನೆಯದೋ ಕಾಟಿಯದೋ, ಬಂದಿರುವುದು ಒಂಟಿ ಸಲಗವೋ ಮರಿಗಳಿರುವ ಹಿಂಡೋ, ಅದು ಹೊಲದತ್ತ ಬರುತ್ತಿದೆಯೋ ಹೊಳೆಯತ್ತ ಹೋಗುತ್ತಿದೆಯೋ ಎಂಬುದನ್ನು ನಿರ್ಧರಿಸದೆ ಎದ್ದವನು ಬದುಕಿ ಬರಲಾರ. ಅಟ್ಟಣೆಯ ಮೇಲೆ ಕುಳಿತ ಕಾವಲುಗಾರನಿಗೆ ದನಿ ಶಕುನವಲ್ಲ, ಸುದ್ದಿ. ಕಡವೆಯ ಎಚ್ಚರಿಕೆಯ ಕೂಗಿಗೆ ಅವನು ಕೊಡುವ ಬೆಲೆಯನ್ನು ಜಿಂಕೆಯ ಕೂಗಿಗೆ ಕೊಡುವುದಿಲ್ಲ. ಜಿಂಕೆ ಸಣ್ಣ ಗುಮಾನಿಗೂ ಬೆದರಿ ಕೂಗಬಹುದು. ಕಡವೆ ಮತ್ತೆಮತ್ತೆ ಒಂದೇ ಕಡೆ ನಿಂತು ಕೂಗಿದರೆ ಹುಲಿಯೋ ಚಿರತೆಯೋ ಇದೆ ಎಂಬ ತೀರ್ಮಾನಕ್ಕೆ ಬಲವಾದ ಆಧಾರ ಸಿಕ್ಕಂತೆ. ಮರದ ಮೇಲಿನ ಮುಸುವ ಕೆಮ್ಮಿದಂತೆ ಎಚ್ಚರಿಸಿದರೆ ಅದು ಮೇಲಿನಿಂದ ಕಂಡು ಕೂಗುತ್ತಿದೆ, ಹಾಗಾಗಿ ಅದು ನೋಡುತ್ತಿರುವ ದಿಕ್ಕನ್ನೂ ಗಮನಿಸಬೇಕು. ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಊರಿಲ್ಲದ ಕಡೆ ನಾಯಿ ಬೊಗಳಿತೆಂದು ಹೊಸಬರು ಬೆರಗಾಗುವುದು ಇದರಿಂದಲೇ. ಸೀಳುನಾಯಿಗಳೋ ಬೊಗಳುವುದಕ್ಕಿಂತ ಶಿಳ್ಳೆ ಹಾಕಿ ಚದುರಿದ ತಮ್ಮ ಗುಂಪನ್ನು ಕೂಡಿಸಿಕೊಳ್ಳುತ್ತವೆ. ಹೀಗೆ ಬೊಗಳುವುದು ಜಿಂಕೆಯ ಜಾತಿಯದು, ಶಿಳ್ಳೆ ಹಾಕುವುದು ನಾಯಿಯ ಜಾತಿಯದು. ಊರಿನ ಕಿವಿಗೆ ತಲೆಕೆಳಗಾಗಿ ಕೇಳುವ ಈ ಲೋಕ ಕಾಡಿನವರಿಗೆ ದಿನನಿತ್ಯದ್ದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಈ ತಿಳಿವಳಿಕೆ ದೈವಭಾವದೊಡನೆ ಬೆರೆತಿದೆ. ಅವರ ದೈವಗಳಲ್ಲಿ ಹುಲಿವೀರಪ್ಪನೂ ಒಬ್ಬ. ಮಲೆಯ ಮಹದೇಶ್ವರನ ಮಹಾಕಾವ್ಯದಲ್ಲಿ ಹುಲಿ ಮಾದಪ್ಪನ ವಾಹನ. ಬೆಟ್ಟಕ್ಕೆ ಕಾಡುದಾರಿಯಲ್ಲಿ ಕಾಲ್ನಡಿಗೆಯಲ್ಲಿ ಸಾಗುವ ಭಕ್ತರು ಗುಂಪುಗೂಡಿ 'ಉಘೇ' ಎಂದು ಘೋಷಿಸುತ್ತ ನಡೆಯುತ್ತಾರೆ. ಭಕ್ತಿಯ ಈ ಘೋಷ ಮೃಗಗಳಿಗೆ ಮನುಷ್ಯರ ಬರವನ್ನು ಮುಂಚಿತವಾಗಿ ತಿಳಿಸುವ ಉಪಾಯವೂ ಹೌದು. ಹಾವಿನ ಹೆಸರೆತ್ತದೆ 'ಹುಳ' ಎನ್ನುವಂತೆ, ಹುಲಿಯ ವಿಷಯದಲ್ಲೂ ಮಾತು ತಗ್ಗುತ್ತದೆ. ಭಯ ಇಲ್ಲವೆಂದಲ್ಲ. ಆದರೆ ಅದು ಗುರುತಿರುವ, ಹೆಸರಿರುವ, ನಡವಳಿಕೆ ಗೊತ್ತಿರುವ ಪ್ರಾಣಿಯ ಭಯ. ನಿಗೂಢದ ಭಯಕ್ಕಿಂತ ಅದು ಬೇರೆಯಾದದ್ದು.

ಖೆಡ್ಡಾ ಮತ್ತು ಶಿಕಾರಿಯ ದಾಖಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಿವಿಗಳು ಪ್ರಭುತ್ವದ ಕೆಲಸಕ್ಕೆ ಬಂದವು. ಮೈಸೂರಿನ ಕಾಲುವೆಗಳ ಉಸ್ತುವಾರಿಯಲ್ಲಿದ್ದ ಜಿ. ಪಿ. ಸ್ಯಾಂಡರ್‌ಸನ್ ೧೮೭೪ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ವಿಧಾನದಿಂದ ಆನೆಗಳನ್ನು ಹಿಡಿಯುವುದರಲ್ಲಿ ಯಶಸ್ವಿಯಾದ. ಅವನ ಅನುಭವ ಕಥನ ೧೮೭೮ರಲ್ಲಿ ಪ್ರಕಟವಾಯಿತು. ಸುಮಾರು ನೂರು ವರ್ಷ ಮೊದಲು ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಇಂಥದೇ ಪ್ರಯತ್ನ ಮಾಡಿ ಸೋತನೆಂದೂ, ಮುಂದೆ ಪ್ರಯತ್ನಿಸುವವರಿಗೆ ಶಾಪವನ್ನು ಕಲ್ಲಿನ ಮೇಲೆ ಬರೆಸಿದನೆಂದೂ ಒಂದು ಐತಿಹ್ಯವನ್ನು ಅವನು ಹೇಳುತ್ತಾನೆ. ಕಾಕನಕೋಟೆಯ ಹೆಸರೇ ಕಾಡುಕುರುಬರ ನಾಯಕ ಕಾಕನೊಡನೆ ತಳಕು ಹಾಕಿಕೊಂಡಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಕಾಕನಕೋಟೆ' ನಾಟಕಕ್ಕೆ ಈ ಐತಿಹ್ಯವೇ ಆಧಾರ.

ಖೆಡ್ಡಾ ಎಂಬುದು ಮೂಲತಃ ಸದ್ದು ಮತ್ತು ಮೌನಗಳ ವ್ಯವಸ್ಥೆ. ಮೊದಲು ಹಿಂಡಿನ ಜಾಡು ಹಿಡಿದು ಸದ್ದಿಲ್ಲದೆ ಸುತ್ತುವರಿಯಬೇಕು. ಆಮೇಲೆ ತಮಟೆ, ಕೂಗು, ಕೋವಿಯ ಸದ್ದುಗಳಿಂದ ಆನೆಗಳನ್ನು ಬೇಲಿಯತ್ತ ಸೋವಬೇಕು. ಮೊದಲ ಹಂತದಲ್ಲಿ ಒಂದು ತಪ್ಪು ಸದ್ದಾದರೂ ವಾರಗಳ ಶ್ರಮ ವ್ಯರ್ಥ. ಹಿಂಡು ಎಲ್ಲಿದೆ ಎಂಬುದನ್ನು ಕಣ್ಣಿಗೆ ಕಾಣುವ ಮುನ್ನ ಕಿವಿಯಿಂದ ತಿಳಿಯಬಲ್ಲ ಕುರುಬರು ಮತ್ತು ಸೋಲಿಗರಿಲ್ಲದೆ ಈ ಕೆಲಸ ಸಾಧ್ಯವಿರಲಿಲ್ಲ.

ಸ್ಯಾಂಡರ್‌ಸನ್ ಆನೆಯ ದನಿಗಳನ್ನು ಸಂತೋಷ, ಬೇಡಿಕೆ, ಕೋಪ, ಭಯ ಎಂದು ಸನ್ನಿವೇಶಕ್ಕೆ ತಕ್ಕಂತೆ ಬೇರ್ಪಡಿಸಿ ವಿವರಿಸುತ್ತಾನೆ. ಆನೆ ಸೊಂಡಿಲ ತುದಿಯನ್ನು ನೆಲಕ್ಕೆ ಬಡಿದು ತಡೆಹಿಡಿದ ಉಸಿರನ್ನು ಥಟ್ಟನೆ ಬಿಟ್ಟಾಗ ತಗಡಿನ ಹಾಳೆಯನ್ನು ಮಡಿಸಿದಂಥ ಸದ್ದಾಗುವುದನ್ನೂ ಅವನು ಗುರುತಿಸಿದ್ದಾನೆ. ಕಾಡಿನಲ್ಲಿ ನಡೆಯುವವರು ಪ್ರಾಣಿಯ ದನಿಯೆಂದೇ ಊಹಿಸಲಾಗದ ಲೋಹದ ಸದ್ದು ಅದು. ಈ ವಿವರಣೆ ನಿಖರವಾದುದು, ಅದರ ವೈಜ್ಞಾನಿಕ ಮೌಲ್ಯ ನಿರ್ವಿವಾದ. ಆದರೆ ಗ್ರಂಥದ ಕರ್ತೃತ್ವ ಒಬ್ಬನದಾಯಿತು. ಕಿವಿಗೊಟ್ಟು ತೋರಿಸಿದವರು ಜಾಡುಗಾರರೆಂಬ ಸಾಮೂಹಿಕ ಹೆಸರಿನಲ್ಲಿ ಉಳಿದರು. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ೧೯೨೮ರಿಂದ ೧೯೩೫ರವರೆಗೆ ಪ್ರಕಟವಾದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಈ ಸಮುದಾಯಗಳ ಮದುವೆ, ಶವಸಂಸ್ಕಾರ, ಆರಾಧನೆಗಳ ವಿವರಗಳಿಗೆ ಕೊಟ್ಟ ಗಮನವನ್ನು ಅವರ ಕೇಳುವಿಕೆಗೆ ಕೊಡಲಿಲ್ಲ. ಆಚರಣೆಯನ್ನು ನೋಡಬಹುದಿತ್ತು, ಕೇಳುವಿಕೆಯನ್ನು ನೋಡುವಂತಿರಲಿಲ್ಲ.

ಬೆಂಗಳೂರಿನ ಕೆನೆತ್ ಆಂಡರ್‌ಸನ್ (೧೯೧೦-೧೯೭೪) ತನ್ನ ಶಿಕಾರಿ ಕಥನಗಳಲ್ಲಿ ರಾತ್ರಿಯ ದನಿಗಳಿಗೆ ದೊಡ್ಡ ಸ್ಥಾನ ಕೊಟ್ಟ. ಮಚಾನಿನ ಮೇಲೆ ಕುಳಿತವನಿಗೆ ಹುಲಿಯ ಬರವನ್ನು ಸಾರುವುದು ಇತರ ಪ್ರಾಣಿಗಳ ಕೂಗುಗಳೇ ಆದ್ದರಿಂದ ಅವನ ಕಥೆಗಳ ಕುತೂಹಲವೂ ಬಹುಮಟ್ಟಿಗೆ ಅವುಗಳ ಮೇಲೆಯೇ ನಿಂತಿದೆ. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಮಾಲೆಯಲ್ಲಿ ಇವನ್ನು ಕನ್ನಡಕ್ಕೆ ತಂದ ಮೇಲೆ ಒಂದು ತಲೆಮಾರಿನ ಕನ್ನಡ ಓದುಗರಿಗೆ ಕಾಡಿನ ರಾತ್ರಿ ಹೇಗಿರುತ್ತದೆಂಬ ಕಲ್ಪನೆ ಪುಸ್ತಕದಿಂದ ದೊರೆಯಿತು. ಕಾಡಂಚಿನ ಹಳ್ಳಿಗರ ಬಾಯಿಂದ ಶಿಕಾರಿಗೆ, ಶಿಕಾರಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ಬಂದ ಈ ತಿಳಿವಳಿಕೆಯ ದೀರ್ಘ ಪಯಣ ಸಾಂಸ್ಕೃತಿಕ ಚರಿತ್ರೆಯ ದೃಷ್ಟಿಯಿಂದ ಅಧ್ಯಯನಯೋಗ್ಯ.

ಬಿಡಿಸಿದ ಮತ್ತು ಬಿಡಿಸದ ಒಗಟುಗಳು

ನಿಗೂಢವೆನಿಸಿದ ಹಲವು ದನಿಗಳ ಮೂಲವನ್ನು ಪ್ರಾಣಿಶಾಸ್ತ್ರ ಇಂದು ಗುರುತಿಸಿದೆ. ಶ್ರೀಲಂಕಾದ ಕಾಡುಗಳಲ್ಲಿ ಹೆಂಗಸಿನ ಚೀರಾಟದಂತೆ ಕೇಳುವ 'ಉಲಮಾ' ಎಂಬ ಪಿಶಾಚಿ ಹಕ್ಕಿಯ ಬಗೆಗೆ ದೀರ್ಘ ಕಾಲ ಚರ್ಚೆ ನಡೆದಿದೆ. ಇಂದು ಹೆಚ್ಚಿನ ಪಕ್ಷಿತಜ್ಞರು ಕಾಡಿನ ದೊಡ್ಡ ಕೊಂಬುಗೂಬೆಯೊಂದರತ್ತ ಬೆರಳು ತೋರುತ್ತಾರೆ. ಅದೇ ಗೂಬೆ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಇದೆ. ಹಿಮಾಲಯದ ತಪ್ಪಲಿನ ಜನರು 'ಚುಡೈಲ್' ಎಂದು ಹೆದರುತ್ತಿದ್ದ ದನಿ ಹಕ್ಕಿಯೊಂದರದೆಂದು ಜಿಮ್ ಕಾರ್ಬೆಟ್ ೧೯೫೩ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಪ್ರೇತಕ್ಕೆ ಕಂಠ ಕೊಟ್ಟವು ಗೂಬೆಗಳೇ ಎನ್ನುವಷ್ಟು ಈ ನಂಬಿಕೆ ಲೋಕವ್ಯಾಪಿಯಾಗಿದೆ. ದೊಡ್ಡ ಮಂಗಟ್ಟೆ ಹಕ್ಕಿ ಮರಗಳ ಮೇಲೆ ಹಾರುವಾಗ ರೆಕ್ಕೆಗಳಿಂದ ಹೊರಡುವ ಸದ್ದು ಉಗಿಬಂಡಿಯನ್ನು ನೆನಪಿಸುವಷ್ಟು ದೊಡ್ಡದು. ಕಂಠದಿಂದ ಬಾರದ ದನಿಯನ್ನು ಪ್ರಾಣಿಯದೆಂದು ಗುರುತಿಸುವುದು ಹೊಸಬರಿಗೆ ಇನ್ನೂ ಕಷ್ಟ.

ಹುಲಿಯ ಬಳಿ ನರಿ ಹೊರಡಿಸುವ ವಿಚಿತ್ರ ಕೂಗನ್ನು ಅನೇಕ ಶಿಕಾರಿಗಳು ವರ್ಣಿಸಿದ್ದಾರೆ. ಅದು ನರಿಯ ಮಾಮೂಲಿ ಊಳಿಗಿಂತ ಪೂರ್ತಿ ಬೇರೆಯಾದದ್ದು. ಹುಲಿ ಕೆಲವೊಮ್ಮೆ ಕಡವೆಯ ಕೂಗನ್ನು ಹೋಲುವ ಚಿಕ್ಕ 'ಪೂಕ್' ದನಿ ಹೊರಡಿಸುತ್ತದೆ. ಕಡವೆಯನ್ನು ಮೋಸದಿಂದ ಹತ್ತಿರ ಕರೆಯಲು ಹುಲಿ ಹೀಗೆ ಕೂಗುತ್ತದೆಂಬುದು ಬೇಟೆಗಾರರ ಹಳೆಯ ನಂಬಿಕೆ. ತನ್ನ ಇರವನ್ನು ತನ್ನವರಿಗೆ ತಿಳಿಸುವ ದನಿ ಅದಾಗಿರಬಹುದೆಂಬ ವಿವರಣೆಯೂ ಇದೆ. ಇಲ್ಲಿ ಬೇಟೆಗಾರ ತನ್ನ ಕಸುಬಿನ ಕಪಟವನ್ನು ಹುಲಿಯ ಮೇಲೆ ಆರೋಪಿಸಿದನೇ ಎಂಬ ಪ್ರಶ್ನೆ ಸಹಜ.

ಅನುಕರಣೆ ನಿಸ್ಸಂದೇಹವಾಗಿ ಸಿದ್ಧವಾಗಿರುವುದು ಭೀಮರಾಜ ಹಕ್ಕಿಯ ವಿಷಯದಲ್ಲಿ. ಬಾಲದ ತುದಿಯಲ್ಲಿ ಎರಡು ಉದ್ದನೆಯ ಗರಿಗಳುಳ್ಳ ಈ ಕಾಜಾಣದ ಜಾತಿಯ ಹಕ್ಕಿ ಇತರ ಹಕ್ಕಿ, ಪ್ರಾಣಿಗಳ ದನಿಗಳನ್ನು ಯಥಾವತ್ತಾಗಿ ಹೊರಡಿಸುತ್ತದೆ. ಇದರ ಅನುಕರಣೆಯನ್ನು ಅಳೆಯುವ ಬಗೆಯನ್ನು ಕುರಿತು ಸಮೀರಾ ಅಗ್ನಿಹೋತ್ರಿ ಮತ್ತು ಸಂಗಡಿಗರು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನ ಯಂತ್ರದ ಗಣನೆಯನ್ನು ಮನುಷ್ಯರ ಕಿವಿಯ ತೀರ್ಪಿನೊಡನೆ ಹೋಲಿಸುತ್ತದೆ. ಅದಕ್ಕೂ ಮೊದಲು, ೨೦೧೨ರಲ್ಲಿ, ಅದೇ ಸಂಶೋಧಕಿ ಭಾಷಾವಿಜ್ಞಾನಿ ಆಂಗ್ ಸಿ ಅವರೊಡನೆ ಸೋಲಿಗರ ಪಕ್ಷಿಜ್ಞಾನವನ್ನು ಕುರಿತು ಬರೆದಿದ್ದರು. ಕಾಡಿನಲ್ಲಿ ಕೇಳಿದ ದನಿ ನಿಜವಾಗಿ ಯಾರದು ಎಂಬ ಪ್ರಶ್ನೆಯನ್ನು ಯಂತ್ರದಷ್ಟೇ ಗಂಭೀರವಾಗಿ ಪಳಗಿದ ಕಿವಿಗೂ ಒಪ್ಪಿಸುವ ಈ ಕ್ರಮ ಜಾನಪದ ವಿದ್ವಾಂಸರು ಗಮನಿಸಬೇಕಾದದ್ದು.

ಕೇಳಿಸದ ದನಿಯ ಒಗಟೂ ಒಂದಿದೆ. ಏಷ್ಯಾದ ಆನೆಗಳು ಮನುಷ್ಯನ ಕಿವಿಗೆ ಎಟುಕದಷ್ಟು ತಗ್ಗಿನ, ಸುಮಾರು ೧೪ರಿಂದ ೨೪ ಹರ್ಟ್ಸ್ ಕಂಪನದ ಕರೆಗಳನ್ನು ಹೊರಡಿಸುತ್ತವೆ ಎಂಬುದನ್ನು ಕ್ಯಾಥರಿನ್ ಪೇನ್ ಮತ್ತು ಸಂಗಡಿಗರು ೧೯೮೬ರಲ್ಲಿ ಪ್ರಕಟಿಸಿದರು. ಸದ್ದಿಲ್ಲದೆ ಮೇಯುತ್ತಿದ್ದ ಹಿಂಡು ಏಕಕಾಲಕ್ಕೆ ನಿಂತು, ಏಕಕಾಲಕ್ಕೆ ತಿರುಗಿ ಹೋಗುವುದನ್ನು ಕಂಡವರ ವಿಸ್ಮಯಕ್ಕೆ ಇದರಿಂದ ಒಂದು ವಿವರಣೆ ದೊರೆಯಿತು. ಸ್ಯಾಂಡರ್‌ಸನ್‌ನಂಥ ಸೂಕ್ಷ್ಮ ವೀಕ್ಷಕನ ಪಟ್ಟಿಯಲ್ಲಿಯೂ ಈ ದನಿ ಇರಲು ಸಾಧ್ಯವಿರಲಿಲ್ಲ.

ಜನಪದ ಜ್ಞಾನವೆಲ್ಲವೂ ನಿಜವೆಂದು ಸಾಧಿಸುವು ಇಲ್ಲಿನ ಉದ್ದೇಶವಲ್ಲ. ಗೂಬೆಯ ಕೂಗು ಸಾವನ್ನು ತರುತ್ತದೆಂಬ ನಂಬಿಕೆ ಆ ಹಕ್ಕಿಗೇ ಸಾವನ್ನು ತಂದಿದೆ. ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಹಕ್ಕಿಯನ್ನು ಅದರ ದನಿಯ ಕಾರಣಕ್ಕಾಗಿ ಕಲ್ಲು ಹೊಡೆದು ಅಟ್ಟಲಾಗುತ್ತದೆ. ಆದುದರಿಂದ ಶಕುನವಾಗಿ ಕೇಳುವ ಪರಂಪರೆಯನ್ನೂ ಸುದ್ದಿಯಾಗಿ ಕೇಳುವ ಪರಂಪರೆಯನ್ನೂ ಒಂದೇ ಎಂದು ಭಾವಿಸಬಾರದು. ಮೊದಲನೆಯದು ದನಿಯಿಂದ ದೂರವಿದ್ದವರದು, ಎರಡನೆಯದು ದನಿಯೊಡನೆ ಬದುಕಿದವರದು.

ತೆರವಾದ ಕಿವಿಗಳು

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ೧೯೭೩ರಲ್ಲಿ ಬಂಡೀಪುರ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ೧೯೭೪ರ ಹೊತ್ತಿಗೆ ಕಬಿನಿ ಅಣೆಕಟ್ಟು ಎದ್ದು, ಖೆಡ್ಡಾ ನಡೆಯುತ್ತಿದ್ದ ಕಾಡಿನ ದೊಡ್ಡ ಭಾಗ ಹಿನ್ನೀರಿನಲ್ಲಿ ಮುಳುಗಿತು. ಬೇಟೆ ನಿಂತದ್ದು, ಮೃಗಗಳಿಗೆ ರಕ್ಷಣೆ ದೊರೆತದ್ದು ನಿಸ್ಸಂಶಯವಾಗಿ ಒಳಿತೇ. ಆದರೆ ಇದೇ ದಶಕಗಳಲ್ಲಿ ಜೇನುಕುರುಬರ ಹಾಡಿಗಳು ಮತ್ತು ಸೋಲಿಗರ ಪೋಡುಗಳು ಕಾಡಿನ ಒಳಗಿನಿಂದ ಅಂಚಿಗೆ ಸರಿದವು. ಜೇನು, ಗೆಡ್ಡೆಗೆಣಸುಗಳಿಗಾಗಿ ದಿನವೂ ಕಾಡಿನಲ್ಲಿ ನಡೆಯುತ್ತಿದ್ದವರಿಗೆ ಅಲ್ಲಿ ನಡೆಯುವುದೇ ಅಪರಾಧವೆನಿಸಿದ ಸಂದರ್ಭಗಳೂ ಬಂದವು. ಕೆಲವರು ದಿನಗೂಲಿಯ ಕಾವಲುಗಾರರಾಗಿ ಕಾಡಿಗೆ ಮರಳಿದರು.

ದನಿಯ ತಿಳಿವಳಿಕೆ ಇತರ ಜನಪದ ಪ್ರಕಾರಗಳಂತಲ್ಲ. ಹಾಡನ್ನು ಹಾಡಿಯಿಂದ ಹೊರಗೂ ಹಾಡಬಹುದು, ಕಥೆಯನ್ನು ಪಟ್ಟಣದಲ್ಲೂ ಹೇಳಬಹುದು. ಕಡವೆಯ ಕೂಗನ್ನು ಗುರುತಿಸುವ ಪಾಠವನ್ನು ಕಡವೆಯಿರುವ ಕಾಡಿನಲ್ಲಿ, ಕತ್ತಲಲ್ಲಿ, ತಂದೆಯ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಒಂದು ತಲೆಮಾರು ಕಾಡಿನಿಂದ ಹೊರಗೆ ಬೆಳೆದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಸೋಲಿಗರ ಮೊಮ್ಮಗನೂ ಮೈಸೂರಿನ ಚಾರಣಿಗನೂ ಅದೇ ಶಿಳ್ಳೆಯನ್ನು ಕೇಳಿ ಅದೇ ಪ್ರಶ್ನೆ ಕೇಳುವಂತಾದಾಗ ಆ ದನಿ ನಿಜವಾಗಿ ನಿಗೂಢವಾಗುತ್ತದೆ. ನಿಗೂಢತೆ ಪ್ರಾಚೀನ ಕಾಲದ ಪಳೆಯುಳಿಕೆಯೆಂಬ ಸಾಮಾನ್ಯ ಗ್ರಹಿಕೆಗೆ ವಿರುದ್ಧವಾಗಿ, ಹಲವು ಸಂದರ್ಭಗಳಲ್ಲಿ ಅದು ಇತ್ತೀಚಿನ ಉತ್ಪನ್ನ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಲಿಕೆಗೆ ಎಡೆ ಇನ್ನೂ ಪೂರ್ಣ ಮುಚ್ಚಿಲ್ಲ. ೨೦೦೬ರ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ೨೦೧೧ರಲ್ಲಿ ಸಾಮುದಾಯಿಕ ಹಕ್ಕುಗಳು ದೊರೆತವು. ೨೦೦೯ರಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ೯ರಿಂದ ಬೆಳಗಿನ ೬ ಗಂಟೆಯವರೆಗೆ ವಾಹನ ಸಂಚಾರಕ್ಕೆ ಬಂದ ನಿರ್ಬಂಧ ಪ್ರಾಣಿಗಳ ಜೀವರಕ್ಷಣೆಗಾಗಿ ಆದದ್ದಾದರೂ, ಆ ಕಾಡಿಗೆ ಅದರ ರಾತ್ರಿಯ ದನಿಗಳನ್ನು ಮರಳಿಸಿತು.

ಸಮಾರೋಪ

ಮೈಸೂರು ನಗರ ಕನ್ನಡ ಜಾನಪದ ಅಧ್ಯಯನದ ತವರು. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ೧೯೬೯ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಇಲ್ಲಿವೆ. ಗೀತೆ, ಗಾದೆ, ಒಗಟು, ಮಹಾಕಾವ್ಯಗಳ ಸಂಗ್ರಹದಲ್ಲಿ ಇಲ್ಲಿನ ವಿದ್ವಾಂಸರು ಮಾಡಿದ ಕೆಲಸ ದೊಡ್ಡದು. ಆದರೆ ಮುದ್ರಿತ ಪಠ್ಯವನ್ನು ಗುರಿಯಾಗಿಟ್ಟ ಸಂಗ್ರಹಕಾರ್ಯದಲ್ಲಿ ಅಕ್ಷರಕ್ಕೆ ಒಗ್ಗದ್ದು ಹೊರಗುಳಿಯುವುದು ಅನಿವಾರ್ಯವಾಯಿತು. ಕಥೆ ಹೇಳುವ ಅಜ್ಜ ನಡುವೆ ಕಾಡುಕುರಿಯಂತೆ ಕೂಗಿ ತೋರಿಸಿದರೆ ಮುದ್ರಿತ ಪುಟದಲ್ಲಿ 'ಕಾಡುಕುರಿ ಕೂಗಿತು' ಎಂಬ ಎರಡು ಪದಗಳು ಉಳಿಯುತ್ತವೆ. ದನಿಯ ಅನುಕರಣೆ, ಅದನ್ನು ಗುರುತಿಸುವ ಲಕ್ಷಣ, ಕೇಳಿದಾಗ ಮಾಡಬೇಕಾದ ಕ್ರಮ ಇವೆಲ್ಲವನ್ನೂ ಧ್ವನಿಮುದ್ರಣದ ರೂಪದಲ್ಲಿ, ಹೇಳಿದವರ ಹೆಸರು ಮತ್ತು ಒಪ್ಪಿಗೆಯೊಡನೆ, ಅವರ ಹಾಡಿ ಪೋಡುಗಳಿಗೂ ಒಂದು ಪ್ರತಿ ದೊರೆಯುವಂತೆ ಸಂಗ್ರಹಿಸುವುದು ಇಂದಿನ ತುರ್ತು. ಸ್ಯಾಂಡರ್‌ಸನ್‌ನ ಕಾಲದಲ್ಲಿ ಹೆಸರಿಲ್ಲದೆ ಉಳಿದವರಿಗೆ ಅವರ ಮೊಮ್ಮಕ್ಕಳ ಮೂಲಕವಾದರೂ ಹೆಸರು ಸಲ್ಲಬೇಕು.

ಪ್ರತಿವರ್ಷ ದಸರೆಯ ಮುನ್ನ ಗಜಪಯಣದಲ್ಲಿ ಆನೆಗಳೊಡನೆ ಮಾವುತರು, ಕಾವಾಡಿಗಳು ಮತ್ತು ಅವರ ಕುಟುಂಬಗಳು ಮೈಸೂರಿಗೆ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಅವರಲ್ಲಿ ಅನೇಕರು ಜೇನುಕುರುಬರು. ಜಂಬೂಸವಾರಿಯ ದಿನ ಬೆದರದಂತೆ ಆನೆಗಳಿಗೆ ಕುಶಾಲತೋಪಿನ ಸದ್ದನ್ನು ವಾರಗಟ್ಟಲೆ ಅಭ್ಯಾಸ ಮಾಡಿಸಲಾಗುತ್ತದೆ. ಹಾರುವ ತೋಪಿನ ಪಕ್ಕದಲ್ಲಿ ಆನೆಯ ಕಿವಿಯ ಬಳಿ ನಿಂತು ಮೆಲುದನಿಯಲ್ಲಿ ಅದನ್ನು ಸಮಾಧಾನಪಡಿಸುವವರು ಇವರೇ. ನಗರದ ಸದ್ದನ್ನು ಕಾಡಿನ ಪ್ರಾಣಿಗೆ ಪರಿಚಯಿಸುವ ಈ ಜನರು ಕಾಡಿನ ಸದ್ದನ್ನು ನಗರಕ್ಕೆ ಪರಿಚಯಿಸಲೂ ಬಲ್ಲರು. ವರ್ಷಕ್ಕೆ ಎರಡು ತಿಂಗಳಷ್ಟು ಕಾಲ ಅವರು ಅಧ್ಯಯನ ಸಂಸ್ಥೆಗಳ ಬಾಗಿಲಲ್ಲೇ ಇರುತ್ತಾರೆ. ಅವರ ಬಳಿ ಕುಳಿತು ಕೇಳುವ ಕೆಲಸ ಅಲ್ಲಿಂದಲೇ ಆರಂಭವಾಗಬಹುದು.